ಫೀಸು ಆಷಾಢಕ್ಕೆ, ಅಡಿಕೆ ದುಡ್ಡು ಸಂಕ್ರಾಂತಿ ಕಳೆದ ಮೇಲೆ: ಮಲೆನಾಡಿನ ಮನೆಗಳಿಗೆ ಕಾಲೇಜು ಖರ್ಚಿನ ಲೆಕ್ಕ

ಪಿಯುಸಿ ರಿಸಲ್ಟ್ ಬಂದ ಮರುದಿನದಿಂದ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ವಿಚಾರಣೆ: "ಫೀಸ್ ಎಷ್ಟಂತೆ?" ಕೇಳಬೇಕಾದದ್ದೇ. ಆದರೆ ಫೀಸ್ ಎಷ್ಟು ಅನ್ನುವುದಕ್ಕಿಂತ ಅದು ಯಾವ ತಿಂಗಳಲ್ಲಿ ಬೀಳುತ್ತದೆ ಅನ್ನುವುದೇ ಮಲೆನಾಡಿನ ಮನೆಗಳನ್ನು ಹೆಚ್ಚು ಹಣ್ಣು ಮಾಡುವುದು. ಕಾಲೇಜಿಗೆ ದುಡ್ಡು ಕಟ್ಟಬೇಕಾದದ್ದು ಜೂನ್‌ನಿಂದ ಆಗಸ್ಟ್ ಒಳಗೆ, ಜಡಿಮಳೆಯ ಕಾಲದಲ್ಲಿ. ಆಗ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸಿ, ಗದ್ದೆ ನೆಟ್ಟಿ ಮಾಡಿಸಿ ಕೈ ಖಾಲಿಯಾಗಿರುತ್ತದೆ. ಕೊನೆ, ಅಂದರೆ ಅಡಿಕೆ ಗೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಮಂಡಿಗೋ ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ಮಾಮ್ಕೋಸ್‌ಗೋ ಹೋಗಿ ದುಡ್ಡಾಗುವಷ್ಟರಲ್ಲಿ ಸಂಕ್ರಾಂತಿ ಕಳೆದಿರುತ್ತದೆ. ಸರ್ಕಾರದ ವಿದ್ಯಾರ್ಥಿವೇತನ ಅದಕ್ಕಿಂತಲೂ ನಿಧಾನ, ಕೆಲವೊಮ್ಮೆ ಮುಂದಿನ ವರ್ಷದ ಫೀಸ್ ಕಟ್ಟುವ ಹೊತ್ತಿಗೆ ಹಿಂದಿನ ವರ್ಷದ್ದು ಬಂದು ಬೀಳುತ್ತದೆ.

ಹಾಗಾಗಿ ಒಂದು ನೋಟ್‌ಬುಕ್ ತೆಗೆದು ಮೂರು ಕಾಲಂ ಎಳೆಯಿರಿ. ಒಂದರಲ್ಲಿ ಖರ್ಚು, ಇನ್ನೊಂದರಲ್ಲಿ ವಾಪಸ್ ಕೊಡಬೇಕಿಲ್ಲದ ಹಣ, ಮೂರನೆಯದರಲ್ಲಿ ತಿಂಗಳು. ಮುಂದಿನದೆಲ್ಲ ಈ ಕಾಲಂಗಳನ್ನು ತುಂಬುವ ಕೆಲಸ.

ಮೊದಲು ಖರ್ಚು ಪೂರ್ತಿ ಬರೆಯಿರಿ

ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯಾದಾಗ ಕಟ್ಟುವ ಮೊತ್ತ ಒಂದು. ಸೀಟು ಹಿಡಿದುಕೊಂಡು ಕಾಲೇಜಿನ ಬಾಗಿಲಿಗೆ ಹೋದಾಗ "ಇತರೆ ಶುಲ್ಕ" ಅನ್ನುವ ಹೆಸರಿನಲ್ಲಿ ಕೇಳುವುದು ಇನ್ನೊಂದು. ಇದರಲ್ಲಿ ವಿಶ್ವವಿದ್ಯಾಲಯದ ನೋಂದಣಿ, ಲ್ಯಾಬ್, ಲೈಬ್ರರಿ, ಯೂನಿಫಾರ್ಮ್, ಪ್ಲೇಸ್‌ಮೆಂಟ್ ತರಬೇತಿ ಅಂತೆಲ್ಲ ಇರುತ್ತವೆ. ಸೇರುವ ಮುಂಚೆಯೇ ಕಚೇರಿಗೆ ಹೋಗಿ ನಾಲ್ಕೂ ವರ್ಷದ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ. ಈಗಾಗಲೇ ಅಲ್ಲಿ ಎರಡನೇ ವರ್ಷ ಓದುತ್ತಿರುವ ಹುಡುಗನೊಬ್ಬನನ್ನು ಕ್ಯಾಂಟೀನ್ ಹತ್ತಿರ ಹಿಡಿದು ಮಾತಾಡಿಸಿದರೆ ಇನ್ನೂ ಒಳ್ಳೆಯದು, ಕಚೇರಿ ಹೇಳದ್ದನ್ನು ಅವನು ಹೇಳುತ್ತಾನೆ. ರಸೀದಿ ಕೊಡದೆ ತೆಗೆದುಕೊಳ್ಳುವ ಹಣಕ್ಕೆ ಒಪ್ಪಬೇಡಿ. ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ 1984ರಿಂದಲೇ ಇದೆ. ಅದೂ ಅಲ್ಲದೆ ರಸೀದಿ ಇಲ್ಲದ ಹಣ ಬ್ಯಾಂಕ್ ಸಾಲಕ್ಕೂ ಲೆಕ್ಕಕ್ಕಿಲ್ಲ, ವಿದ್ಯಾರ್ಥಿವೇತನಕ್ಕೂ ಇಲ್ಲ.

ಫೀಸಿನ ಆಚೆ ಊಟ-ವಸತಿ. ಬಹುಪಾಲು ಮನೆಗಳಲ್ಲಿ ದೊಡ್ಡ ಖರ್ಚು ಇದೇ. ಶಿವಮೊಗ್ಗದ ಕಾಲೇಜಿನಲ್ಲಿ ವರ್ಷಕ್ಕೆ 90,000 ಫೀಸ್, ಬೆಂಗಳೂರಿನಲ್ಲಿ 60,000 ಎಂದಿಟ್ಟುಕೊಳ್ಳಿ. ಬೆಂಗಳೂರು ಸೋವಿ ಎಂದು ಕಾಣುತ್ತದೆ. ಅಲ್ಲಿ ಪಿಜಿಗೆ ತಿಂಗಳಿಗೆ 8,000ದಂತೆ 10 ತಿಂಗಳಿಗೆ 80,000. ಜೊತೆಗೆ ಓಡಾಟ, ಹಬ್ಬಕ್ಕೆ ಊರಿಗೆ ಬರುವ ಬಸ್ಸು, ಕೈಖರ್ಚು ಸೇರಿ ಕನಿಷ್ಠ 25,000. ಒಟ್ಟು 1,65,000. ಶಿವಮೊಗ್ಗದಲ್ಲಿ ಅತ್ತೆ ಮನೆಯಲ್ಲೋ ಸರ್ಕಾರಿ ಹಾಸ್ಟೆಲಿನಲ್ಲೋ ಇದ್ದು ಓದಿದರೆ ಫೀಸಿನ ಮೇಲೆ 30,000 ಸೇರಿಸಿದರೂ 1,20,000. ನಾಲ್ಕು ವರ್ಷಕ್ಕೆ ವ್ಯತ್ಯಾಸ 1,80,000. ಅಂಕಿಗಳು ನಿಮ್ಮವು ಬೇರೆ ಇರಬಹುದು, ಲೆಕ್ಕ ಹಾಕುವ ಕ್ರಮ ಇದೇ. ಬೆಂಗಳೂರಿನ ಕಾಲೇಜು ಆ 1,80,000ಕ್ಕೆ ತಕ್ಕಷ್ಟು ಒಳ್ಳೆಯದಿದ್ದರೆ ಕಳಿಸಿ, ಬರೀ "ಬೆಂಗಳೂರು" ಅನ್ನುವ ಹೆಸರಿಗಾದರೆ ಬೇಡ.

ಬಸ್ಸಿನ ವಿಷಯದಲ್ಲಿ ಮಲೆನಾಡಿಗೆ ಒಂದು ತೊಡಕಿದೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ತೆಗೆಯಲೇಬೇಕು. ಮಗಳ ಕಾಲೇಜಿನ ಹೊತ್ತಿಗೆ ಸರಿಯಾಗಿ ಸರ್ಕಾರಿ ಬಸ್ ಇದೆಯೇ ಎಂದು ಮೊದಲು ನೋಡಿ. ಇಲ್ಲವಾದರೆ ವರ್ಷದ ಬಸ್ ಚಾರ್ಜು ಕಾಲಂಗೆ ಬರಲಿ.

ಬಿಎ, ಬಿಎಸ್ಸಿ, ಬಿಕಾಂಗೆ ಇಷ್ಟೆಲ್ಲ ತಲೆಬಿಸಿ ಇಲ್ಲ. ಕುವೆಂಪು ವಿಶ್ವವಿದ್ಯಾಲಯದ ಸಹ್ಯಾದ್ರಿ ಕಾಲೇಜುಗಳಲ್ಲಿ, ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಫೀಸು ಹಗುರ. ಸರ್ಕಾರಿ ಪದವಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕವೂ ಮಾಫಿ. ಅಲ್ಲಿ ಇರುವುದು ಓಡಾಟ ಮತ್ತು ವಸತಿಯ ಪ್ರಶ್ನೆ ಮಾತ್ರ.

ಕಾಗದಪತ್ರ: ಮೇ ತಿಂಗಳಲ್ಲೇ ಮುಗಿಸಿ

ಸಹಾಯಧನ ಕೈತಪ್ಪುವುದು ಅಂಕ ಕಡಿಮೆಯಾಗಿ ಅಲ್ಲ, ಬಹುತೇಕ ಕಾಗದ ಸರಿಯಿಲ್ಲದೆ. ಮಳೆ ಹಿಡಿದ ಮೇಲೆ ನಾಡಕಚೇರಿಯಲ್ಲಿ ಕರೆಂಟ್ ಇದ್ದರೆ ಸರ್ವರ್ ಇಲ್ಲ, ಸರ್ವರ್ ಇದ್ದರೆ ಆಪರೇಟರ್ ಇಲ್ಲ. ಮೊದಲ ಮಳೆಗೆ ಮುಂಚೆ ಇವನ್ನು ಮುಗಿಸಿಕೊಳ್ಳಿ.

ಜಾತಿ-ಆದಾಯ ಪ್ರಮಾಣಪತ್ರ ಯಾವಾಗ ತೆಗೆಸಿದ್ದು ನೋಡಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಬಾಳಿಕೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪದವಿಯ ನಡುವೆ ಮುಗಿದುಹೋಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯೇ ಎಲ್ಲ ಪೋರ್ಟಲ್‌ಗಳಿಗೂ ಬೇಕಾಗುವುದು. ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ ಮೂರನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ಹೆಸರನ್ನು ಅಕ್ಷರ ಅಕ್ಷರ ಓದಿ. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ "ಗೌಡ" ಇದೆ, ಇನ್ನೊಂದರಲ್ಲಿ ಇಲ್ಲ. ನಮಗೆ ಇದು ಸಣ್ಣ ವಿಷಯ, ಕಂಪ್ಯೂಟರಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಅಂಕಪಟ್ಟಿಯನ್ನು ತಿದ್ದಿಸುವುದಕ್ಕಿಂತ ಆಧಾರನ್ನು ಅಂಕಪಟ್ಟಿಗೆ ಹೊಂದಿಸುವುದು ಸುಲಭ.

ಆಮೇಲೆ ಬ್ಯಾಂಕ್ ಖಾತೆ. ವಿದ್ಯಾರ್ಥಿಯ ಹೆಸರಿನಲ್ಲೇ ಖಾತೆ ಇರಬೇಕು, ಅದಕ್ಕೆ ಆಧಾರ್ ಸೀಡಿಂಗ್, ಅಂದರೆ ಜೋಡಣೆ ಆಗಿರಬೇಕು. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವೆ ಅಂದರೆ ಸೀಡಿಂಗ್ ಆಗಿದೆ ಅಂತಲ್ಲ. ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್‌ಗೆ ಬರುವ ಹಣ ಯಾವ ಖಾತೆಗೆ ಹೋಗಬೇಕೆಂಬ ನೋಂದಣಿ) ಆಗಿದೆಯೇ ಎಂದು ಬ್ಯಾಂಕಿನವರನ್ನೇ ಕೇಳಬೇಕು. ಎರಡು ಖಾತೆ ಇದ್ದರೆ ಕೊನೆಗೆ ಮ್ಯಾಪ್ ಆದ ಖಾತೆಗೆ ಹಣ ಹೋಗುತ್ತದೆ. ಎಲ್ಲೋ ಮೊಬೈಲಿನಲ್ಲಿ ಐದು ನಿಮಿಷದಲ್ಲಿ ತೆರೆದು ಮರೆತುಬಿಟ್ಟ ಖಾತೆಗೆ ವಿದ್ಯಾರ್ಥಿವೇತನ ಹೋಗಿ ಕೂತಿದ್ದೂ ಉಂಟು.

ಇನ್ನು ಪಹಣಿ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಫ್ರೂಟ್ಸ್ ಎಂಬ ಸರ್ಕಾರದ ರೈತರ ನೋಂದಣಿಯ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಬೇಕು. ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡುತ್ತಾರೆ. ಬಯಲುಸೀಮೆಯವರಿಗೆ ಇಷ್ಟೇ. ನಮ್ಮಲ್ಲಿ ಪಹಣಿ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ದೊಡ್ಡಪ್ಪ ಚಿಕ್ಕಪ್ಪಂದಿರು ಬಾಯಿಮಾತಲ್ಲಿ ಪಾಲು ಮಾಡಿಕೊಂಡು ಸಾಗುವಳಿ ಮಾಡುತ್ತಿರುತ್ತಾರೆ. ತೋಟ ಇದೆ, ಅಡಿಕೆ ಇದೆ, ಸರ್ಕಾರದ ಲೆಕ್ಕದಲ್ಲಿ ಅಪ್ಪ ರೈತನೇ ಅಲ್ಲ. ಇದಕ್ಕೆ ದಾರಿ ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು: ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಅರ್ಜಿ ಹಾಕಬೇಕು. ಆಕ್ಷೇಪಣೆಗೆಂದು ಸಮಯ ಬಿಡುತ್ತಾರೆ, ಅಣ್ಣತಮ್ಮಂದಿರ ಸಹಿ ಬೇಕಾಗುತ್ತದೆ, ಹಳೇ ಜಗಳ ಮೇಲೇಳುತ್ತದೆ. ಮಗ ಪ್ರಥಮ ಪಿಯುಸಿಯಲ್ಲಿರುವಾಗಲೇ ಕೈಹಾಕಿದರೆ ಕಾಲೇಜಿನ ಹೊತ್ತಿಗೆ ಮುಗಿದೀತು.

ಬಗರ್‌ಹುಕುಂ, ಅಂದರೆ ಹಕ್ಕುಪತ್ರವಿಲ್ಲದೆ ಸರ್ಕಾರಿ ಜಮೀನು ಸಾಗುವಳಿ ಮಾಡುವವರದ್ದು, ಶರಾವತಿ ಮುಳುಗಡೆಯಿಂದ ಎದ್ದು ಬಂದು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಕುಟುಂಬಗಳದ್ದು ಇನ್ನೂ ಕಷ್ಟ. ಆ ಮುಳುಗಡೆಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮೊಮ್ಮಕ್ಕಳು ಕಾಲೇಜಿಗೆ ಬಂದರೂ ಪಹಣಿ ಬಂದಿಲ್ಲ. ವಿದ್ಯಾನಿಧಿಯನ್ನು ಆಮೇಲೆ ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ವಿಸ್ತರಿಸಿದ್ದರಿಂದ ಅಂಥವರು ಆ ದಾರಿಯನ್ನು ವಿಚಾರಿಸಬೇಕು. ಶುರುವಾದಾಗ ಗೊತ್ತುಮಾಡಿದ ದರ ಹೀಗಿತ್ತು: ಪಿಯುಸಿ, ಐಟಿಐ, ಡಿಪ್ಲೊಮಾಗೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಬಿಎ, ಬಿಎಸ್ಸಿ, ಬಿಕಾಂಗೆ 5,000 ಮತ್ತು 5,500. ಕಾನೂನು, ನರ್ಸಿಂಗ್, ಪ್ಯಾರಾಮೆಡಿಕಲ್, ಫಾರ್ಮಸಿಗೆ 7,500 ಮತ್ತು 8,000. ಎಂಬಿಬಿಎಸ್, ಬಿಇ, ಸ್ನಾತಕೋತ್ತರಕ್ಕೆ 10,000 ಮತ್ತು 11,000. ನನ್ನ ಸಲಹೆ ಕೇಳಿದರೆ ಇದನ್ನು ಫೀಸಿನ ಲೆಕ್ಕಕ್ಕೆ ಹಿಡಿಯಬೇಡಿ. ಆ ವರ್ಷದ ಆದೇಶ ನೋಡಿ ಅರ್ಜಿ ಹಾಕಿ, ಬಂದ ದಿನ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಿಇಟಿ ಅರ್ಜಿಯಲ್ಲೇ ಇರುವ ದುಡ್ಡು

ಇದನ್ನು ಜನ ಸಹಾಯಧನ ಅಂತ ಎಣಿಸುವುದೇ ಇಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೆ ಪ್ರತ್ಯೇಕ ಮೀಸಲಾತಿ. ಮಲೆನಾಡಿನ ಎಷ್ಟೋ ಮಕ್ಕಳಿಗೆ ಇವೆರಡೂ ಸಲ್ಲುತ್ತವೆ. ರ‍್ಯಾಂಕ್ ಸ್ವಲ್ಪ ಹಿಂದಿದ್ದರೂ ಸರ್ಕಾರಿ ದರದ ಸೀಟು ಸಿಗುತ್ತದೆ ಅಂದರೆ ಮ್ಯಾನೇಜ್‌ಮೆಂಟ್ ಸೀಟಿಗೆ ಕೊಡಬೇಕಿದ್ದ ಲಕ್ಷಗಳು ಉಳಿದಂತೆ. ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಶಿಕ್ಷಕರ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿಯೂ ಬೇಕು.

ಇನ್ನೊಂದು ಎಸ್‌ಎನ್‌ಕ್ಯೂ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಶೇ. 5ರಷ್ಟು ಹೆಚ್ಚುವರಿ ಸೀಟು, ಕುಟುಂಬದ ವರ್ಷದ ಆದಾಯ 8 ಲಕ್ಷದೊಳಗಿದ್ದವರಿಗೆ. ಬೋಧನಾ ಶುಲ್ಕ ಪೂರ್ತಿ ಮಾಫಿ, ಉಳಿದ ಶುಲ್ಕ ಮಾತ್ರ ಕಟ್ಟಬೇಕು. ಯಾವ ಜಾತಿಯವರಾದರೂ ಸರಿ. ಆದರೆ ಅರ್ಜಿ ತುಂಬುವಾಗಲೇ ಆದಾಯದ ವಿವರ ಕೊಟ್ಟು ಕೇಳಿರಬೇಕು. ಸೈಬರ್ ಸೆಂಟರಿನ ಹುಡುಗನ ಕೈಗೆ ಫೈಲು ಕೊಟ್ಟು ಟೀ ಕುಡಿಯಲು ಹೋಗಬೇಡಿ. ಪಕ್ಕದಲ್ಲಿ ಕೂತು ಒಂದೊಂದು ಕಲಂ ನೋಡಿ.

ಸಿಇಟಿಗೆ ಕಾಯುತ್ತ ಇನ್ನೊಂದು ಕಾಲೇಜಿನಲ್ಲಿ ಸೀಟು ಹಿಡಿದಿಟ್ಟಿದ್ದರೆ ನೆನಪಿಡಿ: ಯುಜಿಸಿಯ 2018ರ ಆದೇಶದಂತೆ ಕಾಲೇಜು ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವಂತಿಲ್ಲ, ಬಿಟ್ಟು ಹೋಗುವವರಿಗೆ ದಿನಾಂಕದ ಲೆಕ್ಕದಲ್ಲಿ ಫೀಸು ಹಿಂದಿರುಗಿಸಬೇಕು. ತಡ ಮಾಡಿದಷ್ಟೂ ಕೈಗೆ ಬರುವುದು ಕಡಿಮೆ.

ಅರ್ಜಿ ಹಾಕುವ ಎರಡು ಬಾಗಿಲು

ವಿದ್ಯಾರ್ಥಿವೇತನದ ಅರ್ಜಿಗೆ ಎರಡು ಪೋರ್ಟಲ್: ರಾಜ್ಯ ಸರ್ಕಾರದ್ದು ಎಸ್‌ಎಸ್‌ಪಿ, ಕೇಂದ್ರದ್ದು ಎನ್‌ಎಸ್‌ಪಿ. ಎರಡೂ ಸಾಮಾನ್ಯವಾಗಿ ಮಳೆಗಾಲದಲ್ಲಿ ತೆರೆದು ದೀಪಾವಳಿ ಆಸುಪಾಸಿಗೆ, ಕೆಲವೊಮ್ಮೆ ಇನ್ನೂ ಮುಂದಕ್ಕೆ ಹೋಗಿ ಮುಚ್ಚುತ್ತವೆ. ಕೊನೇ ದಿನಾಂಕ ಮುಂದೂಡುತ್ತಾರೆ ಎಂದು ನಂಬಿ ಕೂರಬೇಡಿ.

ಎಸ್‌ಎಸ್‌ಪಿಯಲ್ಲಿ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ ಎಲ್ಲ ಒಂದೇ ಅರ್ಜಿಯಲ್ಲಿ ಬರುತ್ತವೆ. ಪರಿಶಿಷ್ಟ ಜಾತಿಯವರಿಗೆ ಕೇಂದ್ರ ಪುರಸ್ಕೃತ ಯೋಜನೆಯ ಆದಾಯ ಮಿತಿ 2.5 ಲಕ್ಷ. ಹಿಂದುಳಿದ ವರ್ಗದವರಿಗೆ ಪ್ರವರ್ಗದ ಮೇಲೆ ಮಿತಿ ಬೇರೆಯಾಗುತ್ತದೆ. ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲಿಗೆ ಬೇರೆ ಅರ್ಜಿ, ಅದನ್ನು ಮೊದಲು ಹಾಕಿ. ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ವಿದ್ಯಾಸಿರಿ ಇದೆ. ಶುರುವಾದಾಗ ತಿಂಗಳಿಗೆ 1,500ರಂತೆ 10 ತಿಂಗಳಿಗೆ 15,000 ರೂಪಾಯಿ. ನನ್ನ ಮಟ್ಟಿಗೆ ಹಾಸ್ಟೆಲ್ ಸೀಟೇ ಮೇಲು. 15,000ಕ್ಕೆ ಶಿವಮೊಗ್ಗದಲ್ಲಿ ವರ್ಷವಿಡೀ ಊಟವೂ ಆಗುವುದಿಲ್ಲ. ಬ್ರಾಹ್ಮಣ ಅಭಿವೃದ್ಧಿ ಮಂಡಳಿಯ ಸಾಂದೀಪನಿ ಶಿಷ್ಯವೇತನ ಇರುವುದು ಸಾಗರ, ಹೊಸನಗರ ಕಡೆಯ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಅರ್ಜಿ ಒತ್ತಿದ ಮೇಲೆ ಕೆಲಸ ಮುಗಿಯಲಿಲ್ಲ. ಕಾಲೇಜಿನ ಇ-ಅಟೆಸ್ಟೇಶನ್ (ದಾಖಲೆಗಳ ಆನ್‌ಲೈನ್ ದೃಢೀಕರಣ) ಅರ್ಜಿಗೆ ಮುಂಚೆಯೇ ಆಗಿರಬೇಕು, ಅರ್ಜಿ ಹೋದ ಮೇಲೆ ಕಾಲೇಜಿನ ಪರಿಶೀಲನೆ, ಆಮೇಲೆ ಇಲಾಖೆ. ಎಲ್ಲಿ ನಿಂತಿದೆ ಎಂದು ಹದಿನೈದು ದಿನಕ್ಕೊಮ್ಮೆ ಸ್ಟೇಟಸ್ ನೋಡಬೇಕು.

ಎನ್‌ಎಸ್‌ಪಿಯಲ್ಲಿ ನಮ್ಮವರು ಹೆಚ್ಚು ಕಳೆದುಕೊಳ್ಳುವುದು ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನವನ್ನು. ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ, ಇಲ್ಲವೇ ಲ್ಯಾಟರಲ್ ಪ್ರವೇಶದಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ. ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೆ. ಅಂಗವಿಕಲ ಮಕ್ಕಳಿಗೆ ಇಷ್ಟೇ ಮೊತ್ತದ ಸಕ್ಷಮ್ ಇದೆ. ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದವರಿಗೆ ಕೇಂದ್ರ ವಲಯದ ವಿದ್ಯಾರ್ಥಿವೇತನ: ಪದವಿಗೆ ವರ್ಷಕ್ಕೆ 12,000, ಸ್ನಾತಕೋತ್ತರಕ್ಕೆ 20,000, ಆದಾಯ ಮಿತಿ 4.5 ಲಕ್ಷ.

ಒಬ್ಬರಿಗೆ ಎಷ್ಟು ಸಿಗುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ರೈತ ವಿದ್ಯಾನಿಧಿಯ ಆದೇಶ ಬೇರೆ ವಿದ್ಯಾರ್ಥಿವೇತನ ಪಡೆಯುವವರನ್ನು ತಡೆಯಲಿಲ್ಲ. ಕೇಂದ್ರದ ಹಲವು ಯೋಜನೆಗಳು ಮಾತ್ರ "ಬೇರೆ ಯಾವುದನ್ನೂ ಪಡೆಯಬಾರದು" ಅನ್ನುತ್ತವೆ. ಎರಡೂ ಕಡೆಯ ಷರತ್ತು ಓದಿ, ದೊಡ್ಡದನ್ನು ಹಿಡಿದುಕೊಳ್ಳಿ.

ಸರ್ಕಾರದ ಹೊರಗೆ ಹೇಳುವಂಥದ್ದು ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ. ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾಗೆ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000. ಅಮ್ಮ ಧರ್ಮಸ್ಥಳ ಸಂಘದಲ್ಲಿದ್ದರೆ ಸುಜ್ಞಾನನಿಧಿ ಬಗ್ಗೆ ಸೇವಾಪ್ರತಿನಿಧಿಯನ್ನು ಕೇಳಿ. ಅಪ್ಪ ಗಾರೆ ಕೆಲಸದವರಾಗಿದ್ದು ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದರೆ ಕಾರ್ಮಿಕ ಮಂಡಳಿಯ ಶೈಕ್ಷಣಿಕ ಸಹಾಯಧನವೂ ಇದೆ. ಮುಂಗಡ ಹಣ ಕೇಳುವ "ವಿದ್ಯಾರ್ಥಿವೇತನ" ಯಾವುದಿದ್ದರೂ ಮೋಸವೇ.

ಉಳಿದ ಕಂದಕಕ್ಕೆ ಸಾಲ

ಈಗ ನೋಟ್‌ಬುಕ್ ನೋಡಿ. ದುಡ್ಡು ಬರುವುದು ಖಚಿತ, ತಡವಾಗಿ ಬರುತ್ತದೆ ಅಷ್ಟೇ ಎಂದಾದರೆ ನಿಮಗೆ ಬೇಕಾದದ್ದು ಆರು ತಿಂಗಳ ಆಸರೆ. ದುಡ್ಡೇ ಸಾಲದು ಎಂದಾದರೆ ಶಿಕ್ಷಣ ಸಾಲ. ಇವೆರಡನ್ನು ಕಲಸಬೇಡಿ.

ಆರು ತಿಂಗಳ ಆಸರೆಗೆ ಸೊಸೈಟಿಯ ಚಿನ್ನದ ಸಾಲ ಸಾಕು. ಶೇ. 10ರ ಬಡ್ಡಿಯಲ್ಲಿ 60,000 ತೆಗೆದರೆ ಆಗಸ್ಟ್‌ನಿಂದ ಫೆಬ್ರವರಿಗೆ 3,000 ಬಡ್ಡಿ. ಮಂಡಿಯಲ್ಲಿ ಮುಂಗಡ ಎತ್ತುವುದು ಸಲೀಸು, ಫೋನ್ ಮಾಡಿದರೆ ದುಡ್ಡು. ಆದರೆ ಆಮೇಲೆ ಅಡಿಕೆ ಅಲ್ಲಿಗೇ ಹಾಕಬೇಕು, ದರ ಏರುವವರೆಗೆ ಇಟ್ಟುಕೊಳ್ಳುವ ಸ್ವಾತಂತ್ರ್ಯ ಹೋಯಿತು. ಎಲೆಚುಕ್ಕಿಯೋ ಕೊಳೆಯೋ ಬಂದು ಫಸಲು ಕೈಕೊಟ್ಟ ವರ್ಷ ಮುಂಗಡ ಮುಂದಿನ ವರ್ಷಕ್ಕೆ ಹೊರಳುತ್ತದೆ. ಮಗಳ ಫೀಸಿಗೆ ಆ ದಾರಿ ಹಿಡಿಯಬೇಡಿ.

ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನವಿಲ್ಲ, ಕೈಯಿಂದ ಹಾಕುವ ಪಾಲೂ ಇಲ್ಲ. 7.5 ಲಕ್ಷದವರೆಗೆ ಸರ್ಕಾರದ ಸಾಲ ಖಾತರಿ ಇರುವುದರಿಂದ ತೋಟ ಬರೆದುಕೊಡಬೇಕಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಇಲ್ಲಿಯೇ ಜನ ಯಾಮಾರುವುದು: ಕಂತು ಇಲ್ಲ ಅಂದರೆ ಬಡ್ಡಿ ಇಲ್ಲ ಅಂತಲ್ಲ. ಪ್ರತಿ ವರ್ಷದ ಮೊದಲಿಗೆ ಒಂದೊಂದು ಲಕ್ಷದಂತೆ 4 ಲಕ್ಷ ತೆಗೆದಿರಿ, ಬಡ್ಡಿ ಶೇ. 10 ಅನ್ನಿ. ಮೊದಲ ವರ್ಷ 10,000, ಆಮೇಲೆ 20,000, 30,000, 40,000, ಕಂತಿಲ್ಲದ ಐದನೇ ವರ್ಷ ಇನ್ನೊಂದು 40,000. ಸುಮ್ಮನೆ ಬಿಟ್ಟರೆ ಕಂತು ಶುರುವಾಗುವಾಗ ಸಾಲ 5,40,000. ಹತ್ತು ವರ್ಷಕ್ಕೆ ತೀರಿಸಲು ತಿಂಗಳಿಗೆ ಸುಮಾರು 7,100. ಅದೇ ಬಡ್ಡಿಯನ್ನು ಅಡಿಕೆ ದುಡ್ಡು ಬಂದಾಗ ವರ್ಷಕ್ಕೊಮ್ಮೆ ಕಟ್ಟುತ್ತ ಬಂದಿದ್ದರೆ ಕಂತು ಸುಮಾರು 5,300. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಈ 1,800 ದೊಡ್ಡ ಮೊತ್ತ.

ಕುಟುಂಬದ ಆದಾಯ 4.5 ಲಕ್ಷದೊಳಗಿದ್ದು ತಾಂತ್ರಿಕ ಅಥವಾ ವೃತ್ತಿಪರ ಕೋರ್ಸಾದರೆ ಕಂತಿಲ್ಲದ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ ಇದೆ. ಕಾಲೇಜಿಗೆ ಗುಣಮಟ್ಟ ಅಳೆಯುವ ನ್ಯಾಕ್ ಅಥವಾ ಎನ್‌ಬಿಎ ಸಂಸ್ಥೆಯ ಮಾನ್ಯತೆ ಬೇಕು. ಮೇಲಿನ ಉದಾಹರಣೆಯಲ್ಲಿ ಅದು 1,40,000 ರೂಪಾಯಿ. ಬ್ಯಾಂಕಿನವರು ತಾವಾಗಿ ನೆನಪಿಸುತ್ತಾರೆಂದು ಕಾಯಬೇಡಿ, ಸಾಲದ ಅರ್ಜಿಯ ದಿನವೇ ಆದಾಯ ಪ್ರಮಾಣಪತ್ರ ಕೊಟ್ಟು ಕೇಳಿ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಪಟ್ಟಿಯಲ್ಲಿರುವ ಉನ್ನತ ಶ್ರೇಯಾಂಕದ ಸಂಸ್ಥೆಗಳಿಗೆ ಜಾಮೀನಿಲ್ಲದ ಸಾಲ ಸಿಗುತ್ತದೆ, 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3ರ ಬಡ್ಡಿ ರಿಯಾಯಿತಿ. ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇದು ಸಲ್ಲದು. ಸಿಇಟಿ ಮೂಲಕ ಸೀಟು ಪಡೆದ ಹಿಂದುಳಿದ ವರ್ಗದವರು ದೇವರಾಜ ಅರಸು ನಿಗಮದಲ್ಲಿ, ಅಲ್ಪಸಂಖ್ಯಾತರು ತಮ್ಮ ಅಭಿವೃದ್ಧಿ ನಿಗಮದಲ್ಲಿ ಅರಿವು ಸಾಲವನ್ನು ಮೊದಲು ವಿಚಾರಿಸಿ. ಅಲ್ಲಿ ಶೇ. 2 ಮಾತ್ರ.

ಬ್ಯಾಂಕ್ "ಆಗಲ್ಲ" ಅಂದರೆ ಕಾರಣವನ್ನು ಬರೆದು ಕೊಡಿ ಅನ್ನಿ. ಅಪ್ಪನ ಬೆಳೆಸಾಲ ಬಾಕಿ ಇದ್ದು ಸಿಬಿಲ್ (ಸಾಲ ತೀರಿಸಿದ ದಾಖಲೆಯ ಅಂಕ) ಕೆಟ್ಟಿದ್ದರೆ ತಾಯಿಯನ್ನು ಸಹ-ಸಾಲಗಾರರನ್ನಾಗಿ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಬಹುದು. ಒಂದು ಎಚ್ಚರ: ವಿದ್ಯಾರ್ಥಿವೇತನಕ್ಕೆ ಒಂದು ಆದಾಯ, ಬ್ಯಾಂಕಿಗೆ ಇನ್ನೊಂದು ಆದಾಯ ತೋರಿಸುವ ಜಾಣತನ ನಮ್ಮ ಕಡೆ ಇದೆ. ಎಲ್ಲವೂ ಆಧಾರಿಗೆ ಅಂಟಿಕೊಂಡಿರುವ ಕಾಲದಲ್ಲಿ ಅದು ಬಡ್ಡಿ ಸಬ್ಸಿಡಿಯನ್ನೇ ನುಂಗೀತು.

ಸೇರಿದ ಮೇಲೆ

ಎನ್‌ಎಸ್‌ಪಿಯ ಕೇಂದ್ರ ವಲಯದ ವಿದ್ಯಾರ್ಥಿವೇತನ ಎರಡನೇ ವರ್ಷವೂ ಮುಂದುವರಿಯಬೇಕಾದರೆ ಕನಿಷ್ಠ ಶೇ. 50 ಅಂಕ, ಶೇ. 75 ಹಾಜರಿ ಬೇಕು, ರಿನ್ಯೂವಲ್ ಅರ್ಜಿಯನ್ನು ಪ್ರತಿ ವರ್ಷ ತಾವೇ ಹಾಕಬೇಕು. ಕೊನೆಕೊಯ್ಲಿಗೆ, ನೆಟ್ಟಿಗೆ ಎಂದು ಮಗನನ್ನು ವಾರಗಟ್ಟಲೆ ಊರಿಗೆ ಕರೆಸಿಕೊಳ್ಳುವ ಮುಂಚೆ ಅವನ ಹಾಜರಿ ಎಷ್ಟಿದೆ ಕೇಳಿ. ಫೀಸ್ ರಸೀದಿ, ಅರ್ಜಿಯ ಪ್ರಿಂಟ್, ಹಿಂದಿನ ಸೆಮಿಸ್ಟರಿನ ಅಂಕಪಟ್ಟಿ ಒಂದೇ ಫೈಲಿನಲ್ಲಿರಲಿ, ಪ್ಲಾಸ್ಟಿಕ್ ಕವರಿನ ಒಳಗೆ. ಜುಲೈ ತಿಂಗಳಲ್ಲಿ ನಮ್ಮ ಮನೆಗಳ ಕಪಾಟಿನೊಳಗೂ ಬೂಷ್ಟು ಹಿಡಿಯುತ್ತದೆ, ಮಸುಕಾದ ರಸೀದಿಯನ್ನು ಸ್ಕ್ಯಾನರ್ ಓದುವುದಿಲ್ಲ.